ಬಿಡು ಅಂದರು

"ಬಿಡು" ಅಂದರು ಭಾವ. ಅವಳು ಬಿಟ್ಟಳು.

ಪೆಟ್ಟಿಗೆ ಒಂದು ಕ್ಷಣ ಏನೂ ಮಾಡಲಿಲ್ಲ. ತನ್ನ ಭಾರವನ್ನು ಯಾರ ಕೈಗೆ ಕೊಡಬೇಕೆಂದು ಅದಕ್ಕೂ ತಿಳಿಯದಂತೆ ಮೆಟ್ಟಿಲಿನ ಅಂಚಿನ ಮೇಲೆ ನಿಂತೇ ಇತ್ತು. ಆಮೇಲೆ ಧಡಧಡನೆ ಜಾರಿ, ಭಾವನನ್ನು ಹಿಂದಕ್ಕೆ ತಳ್ಳಿಕೊಂಡು ಹೋಗಿ, ಮೆಟ್ಟಿಲು ತಿರುಗುವ ಜಾಗದಲ್ಲಿ ಅವರ ಬಲಗಾಲಿನ ಮೇಲೆ ತನ್ನ ಕಬ್ಬಿಣದ ಮೂಲೆಯನ್ನು ಊರಿ ನಿಂತಿತು.

ಅದಕ್ಕೆ ಸ್ವಲ್ಪ ಮುಂಚೆ ಅವಳು ಮೇಲಿನಿಂದ, "ರಜಾ ದಿನಾನೂ ನಿಮಗೆ ಇದೇ ಕೆಲಸ ಭಾವ. ನನ್ನಿಂದ ಎಲ್ಲರಿಗೂ ತೊಂದರೆ" ಎಂದಿದ್ದಳು. ಭಾವ ಕೆಳಗಿನಿಂದ, "ಅಯ್ಯೋ, ಬಿಡು" ಎಂದಿದ್ದರು. ಅಯ್ಯೋ ಎಂಬುದು ಏದುಸಿರಿನಲ್ಲಿ ಹೋಯಿತು. ಬಿಡು ಎಂಬುದಷ್ಟೇ ಮೇಲಕ್ಕೆ ಬಂತು. ಪೆಟ್ಟಿಗೆಯ ಆಚೆಗಿದ್ದ ಅವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ಇನ್ನು ತಾನು ಬಿಡಬಹುದು ಎಂದುಕೊಂಡಳು. ಹೇಳಿದ ಕೂಡಲೇ ಮಾಡುವುದು ಅವಳ ಅಭ್ಯಾಸ.

ಸದ್ದಿಗೆ ಕೆಳಮನೆಯ ಅಜ್ಜಿ ಬಾಗಿಲು ತೆರೆದಳು. "ಏನೇ ಅದು, ಬೀರು ಬಿತ್ತಾ?"

"ಬೀರಲ್ಲ ಅಜ್ಜಿ, ಸ್ಪೀಕರು."

"ಅಷ್ಟು ಭಾರ? ಒಳಗೇನು ತುಂಬಿಟ್ಟಿದ್ದೀರ?"

"ಗಾಳಿ" ಅಂದರು ಭಾವ, ಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತು. ಅದು ಸುಳ್ಳೇನೂ ಅಲ್ಲ. ನಾಲ್ಕು ಸ್ಪೀಕರುಗಳನ್ನು ಬಿಟ್ಟರೆ ಒಳಗಿದ್ದದ್ದೆಲ್ಲ ಗಾಳಿಯೇ. ಆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡಲು ಸುತ್ತ ಅಷ್ಟು ದಪ್ಪ ಹಲಗೆ.

"ಎತ್ತು ಏರಿಗೆ ಎಳೀತಂತೆ, ಕೋಣ ನೀರಿಗೆ ಎಳೀತಂತೆ" ಅಂದಳು ಅಜ್ಜಿ. "ಇಬ್ಬರೂ ಮಾತಾಡ್ಕೊಂಡು ಎತ್ತಬಾರದಾ?"

"ಮಾತಾಡಿದ್ದರಿಂದಲೇ ಹೀಗಾಯ್ತು ಅಜ್ಜಿ" ಅಂದರು ಭಾವ.

ಪೆಟ್ಟಿಗೆಯನ್ನು ಅಲ್ಲೇ ಗೋಡೆಗೆ ಒರಗಿಸಿ, ಭಾವನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಅವಳು ಮೇಲಕ್ಕೆ ಹತ್ತಿದಳು. ಪೆಟ್ಟಿಗೆಗಿಂತ ಭಾವ ಹಗುರ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಕ್ಕ ಬಟ್ಟೆಯಲ್ಲಿ ಐಸು ಸುತ್ತಿ ತಂದಳು. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. "ಊರಿನ ಲಿಫ್ಟೆಲ್ಲ ರಿಪೇರಿ ಮಾಡೋರು ನೀವು. ನಮ್ಮನೆಗೆ ಮಾತ್ರ ಮೆಟ್ಟಿಲು. ಅದರ ಮೇಲೆ ಇವಳೊಬ್ಬಳು. ಜಗತ್ತಲ್ಲಿ ಕೊಳಲು ಅಂತ ಒಂದು ವಾದ್ಯ ಇದೆಯಲ್ಲೇ, ಅದು ಕಣ್ಣಿಗೆ ಬೀಳಲಿಲ್ವಾ ನಿನಗೆ?"

"ಅವಳಿಗ್ಯಾಕೆ ಬೈತೀಯ? ತಪ್ಪು ನಂದು" ಅಂದರು ಭಾವ. "ಕೆಲಸದಲ್ಲಿ ನಾವು ಆ ಮಾತನ್ನ ಬಾಯಿಗೇ ತರಲ್ಲ. ಹಗ್ಗ ಬಿಡಬೇಕಾದ್ರೂ 'ಸಡಿಲ' ಅಂತೀವಿ. ಹೋಗ್ಲಿ ಬಿಡು, ಇರ್ಲಿ ಬಿಡು, ಅವೆಲ್ಲ ಮೇಲೆ ಬಂದು ಟೀ ಕುಡಿಯುವಾಗ. ಹೊಸಬರಿಗೆ ಇದನ್ನ ಹೇಳಿಕೊಡೋನೇ ನಾನು."

ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. ತಪ್ಪು ಭಾವನದ್ದಾದರೆ ತಾನು ಮಾಡಿದ್ದು ಏನು ಎಂಬುದು ತಿಳಿಯಲಿಲ್ಲ. ಗಡಿಯಾರ ನೋಡಿದಳು. ಸಂಜೆ ಹೋಟೆಲಿನ ಹಾಲ್‌ನಲ್ಲಿ ಕಾರ್ಯಕ್ರಮ. ಚೆನ್ನಾಗಿ ಆದರೆ ಪ್ರತಿ ವಾರವೂ ಅಲ್ಲೇ ನುಡಿಸಲು ಕರೆಯುತ್ತಾರಂತೆ. ತಂಡ ಕಟ್ಟಿದ ಕೀಬೋರ್ಡ್ ಮೇಷ್ಟ್ರ ನಿಯಮ ಒಂದೇ: ಅವರವರ ಸಾಮಾನು ಅವರವರು ತರಬೇಕು. ಅವಳಿಗಿಂತ ಮೊದಲು ಬೇಸ್ ಗಿಟಾರ್ ನುಡಿಸುತ್ತಿದ್ದವನು ಇದೇ ಪೆಟ್ಟಿಗೆ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡು ಹೋದ. ಹೋಗುವಾಗ ಪೆಟ್ಟಿಗೆಯನ್ನು ಅವಳಿಗೆ ಮಾರಿದ. ಆಗ ಅವನ ಮುಖದಲ್ಲಿದ್ದ ನಗುವಿನ ಅರ್ಥ, ಮೊದಲ ಸಲ ಅದನ್ನು ಮನೆಗೆ ಹತ್ತಿಸುವಾಗ ಅವಳಿಗೆ ಆಯಿತು. ಹೋದ ತಿಂಗಳು ಮೇಷ್ಟ್ರು ಯಾವುದೋ ಮಾತಿನ ನಡುವೆ, ಬೇಸ್ ನುಡಿಸುವ ಇನ್ನೊಬ್ಬನಿದ್ದಾನೆ, ಅವನಿಗೆ ಸ್ವಂತ ವ್ಯಾನಿದೆ ಎಂದಿದ್ದರು. ಸುಮ್ಮನೆ ಹೇಳಿದ್ದಿರಬಹುದು. ಅಂದಿನಿಂದ ರಸ್ತೆಯಲ್ಲಿ ವ್ಯಾನು ಕಂಡರೆ ಅವಳು ಒಳಗೆ ಯಾರಿದ್ದಾರೆಂದು ಇಣುಕಿ ನೋಡುತ್ತಿದ್ದಳು.

ಅವಳು ಬಾಲ್ಕನಿಗೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿದಳು. ಅತ್ತ ಕಡೆ ಯಾರೋ ಕುರ್ಚಿಗಳನ್ನು ಎಳೆಯುವ ಸದ್ದು.

"ಸರ್, ತರಕ್ಕಾಗಲ್ಲ ಸರ್ ನನಗೆ. ನಮ್ಮ ಭಾವನ ಕಾಲಿಗೆ ಏಟಾಗಿದೆ."

"ಏನು? ಆಗಲ್ವಾ?"

"ಆಗಲ್ಲ ಸರ್. ಕ್ಷಮಿಸಿ ಸರ್."

ಅತ್ತ ಮತ್ತೆ ಕುರ್ಚಿ ಎಳೆದ ಸದ್ದು. ಆಮೇಲೆ ಮೇಷ್ಟ್ರು, "ಹಾಗಾದ್ರೆ ಬಿಡು" ಅಂದರು. ಫೋನು ಇಟ್ಟರು.

ಅವಳು ಒಳಗೆ ಬಂದು ಗೋಡೆ ನೋಡುತ್ತ ನಿಂತಳು. "ಏನಂದ್ರು?" ಎಂದಳು ಅಕ್ಕ.

"ಬಿಡು ಅಂದ್ರು."

"ಏನನ್ನ?"

"ಗೊತ್ತಿಲ್ಲ."

"ಗೊತ್ತಾಗದೇ ಇರೋಕೆ ಏನಿದೆ? ಬಿಡು ಅಂದ್ರೆ ಬಿಡು. ಮುಗೀತು."

"ತಡಿಯೇ" ಅಂದರು ಭಾವ. "ಬಾಕ್ಸ್ ಬಿಡು, ಪರವಾಗಿಲ್ಲ, ನೀನು ಬಾ ಅಂತಾನೂ ಇರಬಹುದಲ್ಲ. ದನಿ ಹೇಗಿತ್ತು ಪುಟ್ಟಿ? 'ಬಿಡೂ' ಅಂತ ಎಳೆದರಾ, 'ಬಿಡು' ಅಂತ ಕಡಿದರಾ?"

ಅವಳು ಹೇಳಿ ತೋರಿಸಿದಳು. ಎಳೆದ ಹಾಗಿತ್ತು. ಮತ್ತೆ ಹೇಳಿದಳು. ಈ ಸಲ ಕಡಿದ ಹಾಗಿತ್ತು. "ಹಾಗಾದ್ರೆ" ಎಂಬುದನ್ನು ಒತ್ತಿ ಹೇಳಿದಾಗ ಬೇರೆ, ಒತ್ತದಿದ್ದಾಗ ಬೇರೆ. ನಾಲ್ಕಾರು ಸಲ ಹೇಳಿದ ಮೇಲೆ ಕಿವಿಯಲ್ಲಿದ್ದ ಮೇಷ್ಟ್ರ ದನಿ ಅಳಿಸಿಹೋಗಿ ಅಲ್ಲಿ ಅವಳದೇ ದನಿ ಉಳಿಯಿತು.

"ಇನ್ನೊಂದ್ಸಲ ಫೋನ್ ಮಾಡಿ ಕೇಳು, ಬಾಯಿಲ್ವಾ?" ಅಂದಳು ಅಕ್ಕ.

ಬಾಯಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದೆ. ಈಗಿನ್ನೂ ಆ 'ಬಿಡು' ಎರಡೂ ಆಗಿತ್ತು. ಅವಳು ಗಿಟಾರಿನ ಚೀಲವನ್ನು ಬೆನ್ನಿಗೆ ಹಾಕಿಕೊಂಡಳು. ಭಾವನ ಕಾಲು ಇನ್ನೊಮ್ಮೆ ನೋಡಿದಳು. ಹೀಗಿರುವಾಗ ಹೋಗುವುದು ಸರಿಯೋ ತಪ್ಪೋ ಎಂದು ಬಾಗಿಲಲ್ಲಿ ನಿಂತಳು.

"ನನ್ನ ಕಾಲು ನೋಡ್ತಾ ನಿಂತರೆ ಊತ ಏನು ಇಳಿಯುತ್ತಾ?" ಅಂದರು ಭಾವ. "ನಡಿ."

ಬಸ್ಸಿನಲ್ಲಿ ಅವಳಿಗೆ ಏನೋ ಮರೆತುಬಂದಂತೆ ಆಗುತ್ತಲೇ ಇತ್ತು. ಬೇರೆ ದಿನಗಳಲ್ಲಿ ಆಟೋದವರ ಹತ್ತಿರ ಗೋಗರೆದು, ಪೆಟ್ಟಿಗೆಯ ಪಕ್ಕದ ಸಂದಿನಲ್ಲಿ ಮೊಣಕಾಲು ಮಡಚಿ ಕುಳಿತು ಹೋಗುತ್ತಿದ್ದಳು. ಇವತ್ತು ಕಾಲು ಚಾಚಬಹುದಿತ್ತು. ಚಾಚಲಿಲ್ಲ.

ಹೋಟೆಲಿನ ಹಿಂಬಾಗಿಲಲ್ಲಿ ಒಂದು ಬಿಳಿ ವ್ಯಾನು ನಿಂತಿತ್ತು. ತರಕಾರಿಯದ್ದಿರಬಹುದು ಎಂದುಕೊಂಡಳು. ಒಳಗೆ ಬಟ್ಟೆಪರದೆಯನ್ನು ಸರಿಸಿ ನೋಡಿದರೆ ವೇದಿಕೆಯ ಮೇಲೆ, ಡ್ರಮ್ಮಿಗೂ ಕೀಬೋರ್ಡಿಗೂ ನಡುವೆ, ತಾನು ನಿಲ್ಲುವ ಜಾಗದ ಹಿಂದೆ, ಒಂದು ಬೇಸ್ ಪೆಟ್ಟಿಗೆ ಇತ್ತು. ಅವಳ ಪೆಟ್ಟಿಗೆಗಿಂತ ಹೊಸದು. ಅದರ ಮುಂದೆ ಗಡ್ಡದವನೊಬ್ಬ ಮಂಡಿಯೂರಿ ವೈರು ಚುಚ್ಚುತ್ತಿದ್ದ. ಅವನ ಕೊರಳಲ್ಲಿ ಗಿಟಾರಿತ್ತು.

ಮೇಷ್ಟ್ರು ಅವಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. "ಬರಕ್ಕಾಗಲ್ಲ ಅಂದೆಯಲ್ಲಮ್ಮ."

"ತರಕ್ಕಾಗಲ್ಲ ಅಂದೆ ಸರ್. ಬಾಕ್ಸ್."

"ತರಕ್ಕಾ?"

"ಹೌದು ಸರ್."

"ನಂಗೆ ಬರಕ್ಕೆ ಅಂತ ಕೇಳಿಸ್ತು."

ಡ್ರಮ್ಮಿನವನು ಹಿಂದಿನಿಂದ ಕೆಮ್ಮಿದ. "ಒಂದು ಅಕ್ಷರಕ್ಕೆ ಒಂದು ವ್ಯಾನು ಬಂತಲ್ಲ ಮೇಷ್ಟ್ರೇ" ಎಂದ. ಗಡ್ಡದವನು ವೈರನ್ನು ಕೈಯಲ್ಲಿ ಹಿಡಿದು, ಚುಚ್ಚುವುದೋ ಕೀಳುವುದೋ ತಿಳಿಯದೆ ಮೇಷ್ಟ್ರ ಮುಖ ನೋಡಿದ. ಅವನನ್ನು ಬೇಡ ಎನ್ನಲೂ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಕರೆದ ಕೂಡಲೇ ಪಾಪ ಬಂದಿದ್ದ.

"ಏನ್ಮಾಡೋದೀಗ" ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. ಅವಳತ್ತ ತಿರುಗಿದರು. "ಇವತ್ತೊಂದಿನ ಬಿಡಮ್ಮ."

ಅವಳ ಕೈ ಆಗಲೇ ಚೀಲದ ಪಟ್ಟಿಯ ಮೇಲಿತ್ತು. ಸರಿ ಸರ್ ಎಂದು ಹೇಳಿ ಹೊರಡುವುದಕ್ಕೆ ಕಾಲೂ ಸಿದ್ಧವಾಗಿತ್ತು. ಆದರೆ ಬಾಯಿಂದ ಬೇರೆಯೇ ಬಂತು.

"ಏನನ್ನ ಬಿಡ್ಲಿ ಸರ್?"

ಎದುರುತ್ತರ ಕೊಟ್ಟ ಹಾಗೆ ಕೇಳಿಸಿತೇನೋ ಎಂದು ಅವಳಿಗೆ ಹೆದರಿಕೆಯಾಯಿತು. "ಅಲ್ಲ ಸರ್, ನಿಜವಾಗಲೂ ಕೇಳ್ತಿದೀನಿ. ಬೆಳಗ್ಗೆಯಿಂದ ನನಗೆ ಅದು ಸರಿಯಾಗಿ ಅರ್ಥವಾಗ್ತಾ ಇಲ್ಲ. ಇವತ್ತಿಂದು ಬಿಡೋದಾ, ತಂಡಾನೇ ಬಿಡೋದಾ, ಇಲ್ಲ ಬಾಕ್ಸ್ ವಿಷಯ ಬಿಡೋದಾ? ಯಾವುದು ಅಂತ ಹೇಳಿದ್ರೆ ಹಾಗೇ ಮಾಡ್ತೀನಿ."

ಯಾವುದನ್ನು ಬಿಡು ಎಂದೆ ಎಂಬುದನ್ನು ಮೇಷ್ಟ್ರೂ ಈಗಲೇ ಯೋಚಿಸುತ್ತಿದ್ದ ಹಾಗಿತ್ತು. ಕೊನೆಗೆ ಗಡ್ಡದವನನ್ನು ಕೇಳಿದರು, "ಮೊದಲ್ನೇ ಹಾಡು ಗೊತ್ತೇನಪ್ಪ ನಿನಗೆ?"

"ಕೇಳಿದ್ದೀನಿ ಸರ್. ನುಡಿಸಿಲ್ಲ."

"ಹಾಗಿದ್ರೆ ಅದನ್ನ ಅವಳು ನುಡಿಸ್ಲಿ. ಆಮೇಲೆ ನೋಡೋಣ."

ಗಡ್ಡದವನು ವೈರಿನ ತುದಿಯನ್ನು ಅವಳ ಕೈಗೆ ಕೊಟ್ಟ. "ಜೋಪಾನ. ಬೇಸ್ ಹೆಚ್ಚಿಟ್ಟರೆ ಇದು ಗೊರ್ ಅನ್ನುತ್ತೆ" ಎಂದ. ಅವಳು ಚುಚ್ಚಿದಳು. ದಪ್ಪ ತಂತಿಯನ್ನು ಮೆಲ್ಲಗೆ ಮೀಟಿದಳು. ಬೇರೆಯವರ ಮನೆಯಲ್ಲಿ ಮಾತಾಡಿದಂತೆ ದನಿ ಅಪರಿಚಿತವಾಗಿ ಬಂತು.

ಜನ ಬಂದು ಕೂರುವಷ್ಟರಲ್ಲಿ ದೀಪಗಳು ಹತ್ತಿದವು. ಮೊದಲ ಹಾಡು ಶುರುವಾಯಿತು. ಅವಳಿಗೆ ತಾನು ನುಡಿಸುತ್ತಿರುವುದು ಸರಿಯಾಗಿ ಕೇಳಿಸಲಿಲ್ಲ. ಸದ್ದೆಲ್ಲ ಮೊಣಕಾಲಿನ ಮಟ್ಟದಲ್ಲೇ ಹರಿದು ಜನರ ಕಡೆ ಹೋಗುತ್ತಿತ್ತು. ಬೆರಳುಗಳನ್ನು ನಂಬಿ ನುಡಿಸಿದಳು. ಮೇಷ್ಟ್ರ ಮುಖ ನೋಡಿದಳು. ಅವರು ಕೀಲಿಮಣೆಯನ್ನು ನೋಡುತ್ತಿದ್ದರು.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಮೇಷ್ಟ್ರು ಹಾಳೆ ತಿರುವಿದರು. ಡ್ರಮ್ಮಿನವನು ಕೋಲುಗಳನ್ನು ಒಂದಕ್ಕೊಂದು ತಾಗಿಸಿ ಎಣಿಸತೊಡಗಿದ. ಪರದೆಯ ಪಕ್ಕದಲ್ಲಿದ್ದ ಗಡ್ಡದವನು ಎರಡು ಹೆಜ್ಜೆ ಮುಂದೆ ಬಂದ. ತನ್ನ ಜಾಗ ತೆಗೆದುಕೊಳ್ಳಲು ಬಂದನೆಂದು ಅವಳ ಕೈ ವೈರಿನತ್ತ ಹೋಯಿತು. ಅಷ್ಟರಲ್ಲಿ ಎಣಿಕೆ ಮುಗಿಯಿತು. ವೈರು ಕೀಳಬೇಕಾದ ಕೈ ತಂತಿಯ ಮೇಲೆ ಬಿತ್ತು.

ಗಡ್ಡದವನು ಬಗ್ಗಿ ಅವಳ ಹಿಂದಿನಿಂದ ಪೆಟ್ಟಿಗೆಯ ಹತ್ತಿರ ಹೋದ. ಅದರ ಮುಂದಿನ ಅಂಚನ್ನು ಭುಜದಿಂದ ತುಸು ಎತ್ತಿ, ಮಡಚಿದ ರಟ್ಟೊಂದನ್ನು ಕೆಳಗೆ ತುರುಕಿದ. ಪೆಟ್ಟಿಗೆ ಮುಖ ಮೇಲೆ ಮಾಡಿತು. ಆಗ ಅವಳಿಗೆ ತನ್ನ ದನಿ ಕೇಳಿಸಿತು, ಸೊಂಟದಿಂದ ಕಿವಿಯವರೆಗೆ.

ಅವನು ಹಿಂದಕ್ಕೆ ಹೋಗಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ, ಬೆಳಕು ಬೀಳದ ಕಡೆ, ನೆಲದ ಮೇಲೆ ಕುಳಿತುಕೊಂಡ. ಅವನ ಕಣ್ಣು ಅವಳ ಎಡಗೈಯ ಮೇಲಿತ್ತು. ಅವಳ ಬೆರಳು ಎಲ್ಲಿಗೆ ಹೋದರೆ ಮಂಡಿಯ ಮೇಲಿದ್ದ ಅವನ ಬೆರಳೂ ಅಲ್ಲಿಗೇ, ಒಂದು ಗಳಿಗೆ ತಡವಾಗಿ, ಸದ್ದಿಲ್ಲದೆ ಹೋಗುತ್ತಿತ್ತು. ಅವಳು ಅದನ್ನು ನೋಡಿದಳು. ಹಾಡು ನಡುವಿಗೆ ಬರುವಾಗ, ಗಿಟಾರಿನ ಕತ್ತನ್ನು ಸ್ವಲ್ಪ ಅವನತ್ತ ತಿರುಗಿಸಿ ಹಿಡಿದಳು.