ಅಣ್ಣನ ಅಳತೆ

ಗೇಟಿನ ಸದ್ದಾದದ್ದೇ ತಡ, ಅವಳು ಹೊಲಿಗೆ ಮೆಷಿನ್ನಿನಿಂದ ಎದ್ದು ಬಾಗಿಲಿಗೆ ಓಡಿದಳು. ಬಂದವರು ಪಕ್ಕದ ಮನೆಯ ರೈಲು ತಾತ. ಮೂವತ್ತೈದು ವರ್ಷ ಗಾರ್ಡಾಗಿ ಹಸಿರು ಬಾವುಟ ಬೀಸಿದವರು. ಈಗ ಅಂಗಳದಲ್ಲಿ ಯಾರು ಎಷ್ಟು ಸಲ ಓಡಾಡಿದರು ಎಂಬ ಲೆಕ್ಕವಿಡುವುದೇ ಅವರ ಡ್ಯೂಟಿ.

“ಇದು ಐದನೇ ಸಲ ನೀನು ಬಾಗಿಲಿಗೆ ಬರ್ತಿರೋದು. ಬರೋರು ಬರ್ತಾರೆ, ಹೋಗಿ ಕೆಲಸ ನೋಡಮ್ಮ,” ಎಂದರು, ನಾಳೆಯ ಊಟಕ್ಕೆಂದು ತಂದ ಬೆಂಚನ್ನು ಗೋಡೆಗೆ ಒರಗಿಸುತ್ತ.

“ನಾನ್ಯಾರಿಗೆ ಕಾಯ್ಲಿ? ಒಳಗೆ ಸೆಕೆ ಅಂತ ಬಂದೆ.”

“ಡಿಸೆಂಬರಲ್ಲಿ ಸೆಕೆ! ಆಯ್ತು ಬಿಡು, ನಂಬಿದೆ.”

ಅವಳು ಒಳಗೆ ಹೋಗಿ ಕೂತಳು. ಕೂತ ಮೇಲೂ ಕಾಲು ಸುಮ್ಮನಿರಲಿಲ್ಲ. ನಾಳೆ ಕ್ರಿಸ್‌ಮಸ್. ಅಣ್ಣ ಇವತ್ತು ಸಂಜೆಯೊಳಗೆ ಬರಬೇಕು. ಬರುತ್ತಾನೋ ಇಲ್ಲವೋ ಎಂಬುದೇ ಬೆಳಗ್ಗಿನಿಂದ ಅವಳ ಚಿಂತೆ. ಅವನು ಈ ಹೊಸ್ತಿಲು ತುಳಿದು ಒಂದು ವರ್ಷವಾಗಿತ್ತು.

ತಪ್ಪು ಅವಳದೇ, ಅದನ್ನು ಮುಚ್ಚಿಡುವುದೇಕೆ? ಕಳೆದ ವರ್ಷ ಕಾಂಪೌಂಡಿನ ನಾಲ್ಕೂ ಮನೆಯವರ ಹೊಸ ಬಟ್ಟೆ ಹೊಲಿದು, ಹಬ್ಬದ ಬೆಳಗ್ಗೆ ಕೊನೆಯ ಗುಂಡಿ ಹಾಕಿ, ತಾನು ಮಾತ್ರ ಹಳೇ ಬಟ್ಟೆಯಲ್ಲೇ ಪ್ರಾರ್ಥನೆಗೆ ಓಡಿದ್ದಳು. ಮಧ್ಯಾಹ್ನ ಬಸ್ಸಿನ ಡ್ಯೂಟಿ ಮುಗಿಸಿ ಅಣ್ಣ ಬರುವಷ್ಟರಲ್ಲಿ ಎಲ್ಲರ ಊಟವಾಗಿತ್ತು. ಅವನ ತಟ್ಟೆಗೆ ಬಡಿಸುತ್ತ ಅವಳ ಬಾಯಿ ಜಾರಿತು: “ಒಂದು ಕುರ್ಚಿ ಎತ್ತಿಡೋಕಾಗಲ್ಲ, ಉಣ್ಣೋಕೆ ಮಾತ್ರ ಬಂದ್ಬಿಡ್ತೀಯ.” ಅಂಗಳದ ತುಂಬ ಜನ. ಅಣ್ಣ ತಟ್ಟೆ ಕೆಳಗಿಟ್ಟ, ಕೈ ತೊಳೆದ, ಹೊರಟ. ಅತ್ತಿಗೆಯೂ ತಿರುಗಿ ನೋಡದೆ ಅವನ ಹಿಂದೆ ನಡೆದಳು.

ಅದಕ್ಕೇ ಈ ಸಲ ಅವಳ ಗಂಡ ಕಾಂಪೌಂಡಿನವರನ್ನೆಲ್ಲ ಕೂರಿಸಿ ಸರಳವಾಗಿ ಹಬ್ಬ ಮಾಡೋಣ ಎಂದ, ಅಣ್ಣನಿಗೂ ತಾನೇ ಫೋನ್ ಮಾಡಿ ಕರೆದ. ಯಾರಿಗೂ ಹೊಸ ಬಟ್ಟೆಯಿಲ್ಲ, ಉಡುಗೊರೆಯಿಲ್ಲ. ಇದ್ದದ್ದನ್ನೇ ಒಗೆದು ಇಸ್ತ್ರಿ ಮಾಡಿ ಹಾಕಿಕೊಳ್ಳುವುದು. ಮನೆಗೊಂದು ಪಾತ್ರೆ ಅಡುಗೆ, ಅಂಗಳದಲ್ಲಿ ಮೇಜುಗಳನ್ನು ಕೂಡಿಸಿ ಒಟ್ಟಿಗೆ ಊಟ, ಡ್ಯೂಟಿಗೆ ಹೋದವರು ಬರುವ ತನಕ ಯಾರೂ ಕೈ ಹಾಕುವಂತಿಲ್ಲ. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ಅವಳೇ. ವಾರದೊಳಗೆ ಮಾತು ಮುರಿದವಳೂ ಅವಳೇ. ಯಾರಿಗೂ ಹೇಳದೆ ತಿಳಿನೀಲಿ ಬಟ್ಟೆ ತಂದು ಅಣ್ಣನಿಗೊಂದು ಶರ್ಟು ಕತ್ತರಿಸಿದಳು. ಕ್ಷಮಿಸು ಅನ್ನಲು ಬಾಯಿ ಬರುತ್ತಿರಲಿಲ್ಲ, ಹೊಲಿಯಲು ಕೈ ಬರುತ್ತಿತ್ತು.

“ಅಳತೆ ಎಲ್ಲಿ ತಗೊಂಡೆ?” ಏಣಿ ಹಿಡಿದುಕೊಂಡು ಒಳಗೆ ಬಂದ ಗಂಡ, ಮೆಷಿನ್ನಿನ ಮೇಲಿದ್ದ ಶರ್ಟು ಯಾರಿಗೆಂದು ಊಹಿಸಿ ಕೇಳಿದ.

“ಅಣ್ಣನ ಅಳತೆ ನಂಗೆ ಬೇಕಾ? ಕಣ್ಣು ಮುಚ್ಕೊಂಡು ಹೊಲಿತೀನಿ. ನೀವು ದೀಪದ ಸರ ಕಟ್ಟಿ ಹೋಗಿ.”

ನಾಲ್ಕು ಗಂಟೆಗೆ ಅಣ್ಣ ಬಂದ. ದಪ್ಪ ಸ್ವೆಟರ್ ಹಾಕಿ, ಕೈಬೀಸಿಕೊಂಡು ಬಂದ. ಹಿಂದೆ ಅತ್ತಿಗೆ ಎರಡು ಮಡಿಸುವ ಕುರ್ಚಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಿದ್ದಳು. ಅದನ್ನು ನೋಡಿ ತಂಗಿಗೆ ಮೈಯೆಲ್ಲ ಉರಿಯಿತು. ಹೆಂಡತಿ ಕೈಲಿ ಹೊರಿಸ್ಕೊಂಡು ಬರ್ತಾನಲ್ಲ, ನಾಚಿಕೆಯಾದ್ರೂ ಬೇಡ್ವಾ? ಮಾತು ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿ ನುಂಗಿಕೊಂಡು, ಇಬ್ಬರನ್ನೂ ಒಳಗೆ ಕರೆದು, ಶರ್ಟನ್ನು ಅವನ ಮುಂದೆ ಹಿಡಿದಳು.

“ಹೊಸ ಬಟ್ಟೆ ಇಲ್ಲ ಅಂದಿದ್ರಿ?”

“ಸುಮ್ನೆ ಹಾಕ್ಕೋ ಅಣ್ಣ, ತಲೆ ತಿನ್ಬೇಡ.”

ಅವನು ಸ್ವೆಟರ್ ತೆಗೆದು, ಬನಿಯನ್ನಿನ ಮೇಲೆ ಶರ್ಟು ಹಾಕಿಕೊಂಡ. ತೋಳಿನ ಉದ್ದ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಉಳಿದದ್ದೆಲ್ಲ ತಪ್ಪು. ಎದೆ ಹೊಟ್ಟೆಗಳ ಮೇಲೆ ಬಟ್ಟೆ ಜೋಲಾಡುತ್ತಿತ್ತು, ಕಾಲರಿನೊಳಗೆ ನಾಲ್ಕು ಬೆರಳು ಹೋಗುವಷ್ಟು ಜಾಗವಿತ್ತು.

“ನನ್ಜೊತೆ ಇನ್ನೊಬ್ಬನ್ನೂ ಸೇರಿಸಿ ಹೊಲಿದಿದ್ದೀಯಾ?” ಎಂದು ಅಣ್ಣ ನಕ್ಕ.

ಅವಳು ನಗಲಿಲ್ಲ. ಬಟ್ಟೆಯ ಮೇಲಿಂದಲೇ ಅವನ ಪಕ್ಕೆ ಮುಟ್ಟಿದಳು. ಎಲುಬುಗಳು ಒಂದೊಂದಾಗಿ ಕೈಗೆ ಸಿಕ್ಕವು.

“ಅತ್ತಿಗೆ, ಏನಿದು?”

“ಜೂನಲ್ಲಿ ಹೊಟ್ಟೆ ಆಪರೇಷನ್ ಆಯ್ತು. ಇಪ್ಪತ್ತು ದಿನ ಆಸ್ಪತ್ರೇಲಿದ್ರು. ಭಾರ ಎತ್ತಬಾರ್ದು ಅಂದಿದ್ದಾರೆ. ನಿಂಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು.”

“ಯಾಕಣ್ಣ? ನಾನೇನು ಸತ್ತೋಗಿದ್ನಾ?”

“ಮಾತು ಬಿಟ್ಟ ಮೇಲೆ, ಹೊಟ್ಟೆನೋವು ಅಂತ ನಿನ್ನ ಬಾಗಿಲಿಗೆ ಬರೋದಾ? ಅದಕ್ಕೂ ಏನಾದ್ರೂ ಅಂದ್ಬಿಟ್ರೆ?” ತಮಾಷೆಗೆಂದೇ ಹೇಳಲು ಹೊರಟವನು, ಅವಳ ಮುಖ ನೋಡಿ ತಡವರಿಸಿದ.

“ನನ್ನ ಬಾಯಿಗೆ ಹುಳ ಬೀಳ,” ಎಂದು ಅವಳು ಗೊಳೋ ಎಂದು ಅತ್ತಳು. ಒಂದು ವರ್ಷ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. “ತಪ್ಪಾಯ್ತು ಅಣ್ಣ. ಅವತ್ತೇ ನಿನ್ನ ಹಿಂದೆ ಓಡಿ ಬರ್ಬೇಕಿತ್ತು.”

“ಹಬ್ಬದ ಹೊತ್ತಲ್ಲಿ ಹುಳ ಗಿಳ ಅನ್ಬೇಡ್ವೇ. ನಾನೂ ಏನು ಕಮ್ಮಿ ಹಟಮಾರೀನಾ?”

ಹೊರಗಿನಿಂದ ರೈಲು ತಾತ ಕೂಗಿದರು: “ಮೇಜು ಹಿಡಿಯೋಕೆ ಯಾರಾದ್ರೂ ಬರ್ತೀರಾ, ಇಲ್ಲ ನಾನೊಬ್ನೇ ಎಳೀಲಾ?”

“ನಮ್ಮನೆಯವರನ್ನ ಕರ್ಕೊಳ್ಳಿ ತಾತ! ಅಣ್ಣ ಇಲ್ಲೇ ನಿಂತಿರ್ತಾನೆ.”

ಕಣ್ಣೊರೆಸಿಕೊಂಡು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿ, ಅವನ ಎರಡೂ ಕೈ ಮೇಲೆತ್ತಿಸಿದಳು. ಒಂದೊಂದು ಪಕ್ಕದಿಂದಲೂ ಒಂದು ಹಿಡಿ ಬಟ್ಟೆ ಹೊರಗೆ ಬಂತು. ಗುರುತು ಮಾಡಿ, ಶರ್ಟು ಬಿಚ್ಚಿಸಿ, ಮೇಜಿನ ಮೇಲೆ ಹರಡಿ, ಕತ್ತರಿ ಕೈಗೆತ್ತಿಕೊಂಡಳು.

“ಕತ್ತರಿಸ್ಬಿಡ್ತೀಯಾ?” ಎಂದ ಅಣ್ಣ.

“ಇಷ್ಟು ಬಟ್ಟೆ ಒಳಗೆ ಬಿಟ್ರೆ ಮೈಗೆ ಒತ್ತುತ್ತೆ.”

“ಒತ್ತಲಿ ಬಿಡು. ಮೈ ಮತ್ತೆ ತುಂಬ್ಕೊಳ್ಳುತ್ತೆ ಅಂತ ಡಾಕ್ಟರು ಹೇಳಿದ್ದಾರೆ.” ಅವನು ಹೆಂಡತಿಯ ಕಡೆ ತಿರುಗಿದ. “ಹೇಳಿದ್ರಲ್ಲ?”

ಅತ್ತಿಗೆ ತಡಮಾಡಿ, “ಹೂಂ, ಹೇಳಿದ್ರು,” ಎಂದಳು. ಅತ್ತಿಗೆ ನೋಡುತ್ತಿದ್ದದ್ದು ನೆಲವನ್ನು.

ತಂಗಿ ಕತ್ತರಿ ಕೆಳಗಿಟ್ಟಳು. ಅಷ್ಟೂ ಬಟ್ಟೆಯನ್ನು ಒಳಗೆ ಮಡಚಿ, ಬೇಕಾದಾಗ ಸುಲಭವಾಗಿ ಬಿಚ್ಚಿಬರುವಂತೆ, ಉದ್ದುದ್ದ ಹೊಲಿಗೆ ಹಾಕತೊಡಗಿದಳು.