ಬೇಗ ಏಳುವ ವಂಶ

ಪದ್ಮಲತಾ ಮೈದುನನ ಅಂಗಿ ಜೇಬಿಗೆ ಕೈ ಹಾಕಿ ಬ್ರಾಂದಿಯ ಕ್ವಾರ್ಟರನ್ನು ಎಳೆಯುತ್ತಿದ್ದಳು. ಜಯಚಂದ್ರ ಎರಡೂ ಕೈಯಲ್ಲಿ ಜೇಬನ್ನು ಒತ್ತಿ ಹಿಡಿದಿದ್ದ. ಗುಂಡಿಯ ಪಕ್ಕ ಚಟ್ಟ ಇಳಿಸಿ ಅರ್ಧ ಗಂಟೆಯಾಗಿತ್ತು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಆಂಬುಲೆನ್ಸಿನಲ್ಲಿ ಗಂಡನ ತಲೆ ಅಲ್ಲಾಡದಂತೆ ಹಿಡಿದು ತಂದಿದ್ದ ಅವಳ ಕೈಗಳ ಜೋಮು ಇನ್ನೂ ಬಿಟ್ಟಿರಲಿಲ್ಲ.

“ಬಿಡು ಅತ್ತಿಗೆ, ಅಂಗಿ ಹರೀತದೆ.”

“ಹರೀಲಿ. ನಿಮ್ಮಣ್ಣ ಒಂದಿನ ಮುಟ್ದೋರಲ್ಲ. ಸತ್ತ ಮೇಲೆ ಕುಡಿಸ್ತೀಯಾ?”

“ಮುಟ್ಟಿಲ್ವಂತೆ! ಇಪ್ಪತ್ತೆಂಟು ವರ್ಸ ಲ್ಯಾಬಲ್ಲಿ ಇಲಿಗೆ ಎಂಡ ಹಾಕ್ದೋನು ಕಣಮ್ಮ. ಇಲಿ ಬಿಟ್ಟಿದ್ದು ಯಾರ ಹೊಟ್ಟೆಗೋಯ್ತು?”

ಗುಂಡಿ ತೋಡಿದವರು ಗುದ್ದಲಿಗೆ ಒರಗಿಕೊಂಡೇ ನಕ್ಕರು. “ಸ್ಟೀರಾಯ್ಡೂ ಕೊಡ್ತಿದ್ನಂತೆ,” ಎಂದ ಒಬ್ಬ. “ಇಲಿಗಳು ಪೈಲ್ವಾನ್ರಾದ್ವೇನಮ್ಮಾ?”

ಪದ್ಮಲತಾ ಹಲ್ಲು ಕಚ್ಚಿದಳು. ಮದುವೆ, ತಿಥಿ, ನಾಮಕರಣ, ಎಲ್ಲಿ ಹೋದರೂ ಇದೇ ಮಾತು, ಇದೇ ನಗು. ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ದಾಯಾದಿಗಳಲ್ಲಿ ಹಿರಿಯನಾದ ವೆಂಕಟರಾಯಪ್ಪ ಕೋಲೂರಿ ಮುಂದೆ ಬಂದ. “ಊರ್ಕೋಮ್ಮಾ, ಸುಮ್ನಿರು. ನಿಮ್ಮ ಮಾವನ ಬಾಯಿಗೂ ಬಿಟ್ವಿ, ಅವ್ರಪ್ಪನ ಬಾಯಿಗೂ ಬಿಟ್ವಿ. ಹೋಗೋನಿಗೆ ಇಷ್ಟವಾದದ್ದು ಒಂದು ಹನಿ ಬಿಡ್ದೆ ನಮ್ಮೋರು ಮಣ್ಣಾಕಲ್ಲ. ಅವ್ನ ಅಂಗಿ ವಾಸ್ನೆ ನಮಗೇನ್ ಗೊತ್ತಿಲ್ವಾ?”

“ಅದು ಕೈ ಒರಸ್ಕೊಳ್ಳೋ ಸ್ಪಿರಿಟ್ಟು ಮಾವ! ಎಷ್ಟು ಸಲ ಹೇಳ್ಲಿ?”

*

ಮದುವೆಯಾದ ಹೊಸತು. ಹಿಂದೂಪುರದ ಬಾಡಿಗೆ ಮನೆಯಲ್ಲಿ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡ ಗಂಡ ಸೀತಾರಾಮಪ್ಪ ಎಡಗೈಯನ್ನು ನೆಲದ ಮೇಲೆ ಅಂಗಾತ ಹಾಕಿ ತೋರಿಸಿದ್ದ.

“ಎರಡು ವಂಶದ ಇಲಿ ಅವೆ. ಒಂದೇ ಅಳತೆ ಎಂಡ ಚುಚ್ಚಿ ಹಿಂಗೆ ಮಲಗಿಸ್ತೀವಿ. ಒಂದು ವಂಶದ್ದು ಗಂಟೆಗಟ್ಲೆ ಏಳಾಕಿಲ್ಲ. ಇನ್ನೊಂದು, ಹತ್ತು ನಿಮಿಷ, ಮಗ್ಗುಲಾಗಿ ಎದ್ಬುಡ್ತದೆ.” ಅಂಗೈ ಮಗುಚಿಕೊಂಡಿತು.

“ಬೇಗ ಎದ್ರೆ ಒಳ್ಳೇದಲ್ವಾ?”

“ಬೇಗ ಏಳೋದೇ ಕಣೇ ಮತ್ತೆ ಬಾಟ್ಲಿಗೆ ಬಾಯಾಕೋದು. ಮಿದುಳು ತಾನೇ ಮಾಡ್ಕೊಳ್ಳೋ ಸ್ಟೀರಾಯ್ಡ್ ಒಂದದೆ, ಅದ್ನೂ ಚುಚ್ಚಿ ನೋಡ್ತಾರೆ. ಅದು ಚುಚ್ಚಿದ್ರೂ ಒಂದೊಂದು ವಂಶ ಒಂದೊಂದು ತರ.” ಅವನು ಮುದ್ದೆ ಮುರಿದ, ಬಾಯಿಗಿಡಲಿಲ್ಲ. “ಮರೀಲೇ ಗೂಡು ಬದಲಾಯ್ಸಿ ಬೇರೆ ತಾಯಿ ಹತ್ರ ಬಿಟ್ರೂ ಅದೇ ಕತೆ. ನಮ್ಮಪ್ಪ ಎರಡು ಬಾಟ್ಲಿ ಕುಡಿದು ನೆಟ್ಟಗೆ ನಡ್ಕೊಂಡು ಬರೋನು. ಊರೆಲ್ಲ ಗಂಡು ಅಂದ್ರೆ ಇವ್ನಪ್ಪಾ ಅಂತಿತ್ತು. ನಲವತ್ತೆರಡಕ್ಕೆ ರಕ್ತ ಕಾರ್ಕೊಂಡ. ನಾನು ಗೂಡು ಬದಲಾಯ್ಸಿ ಹಿಂದೂಪುರಕ್ಕೆ ಬಂದಿದೀನಿ, ಅಷ್ಟೆ.”

“ನಿಮಗೆ ಬೇಕು ಅನ್ನಿಸ್ತದಾ?”

“ದಿನಾ. ಲ್ಯಾಬಲ್ಲಿ ಸೀಸೆ ಮುಚ್ಚಳ ತೆಗ್ದಾಗೆಲ್ಲ.”

*

“ಒಂದ್ ಹನಿಗೇನಮ್ಮ ಹಿಂಗಾಡ್ತಿ,” ಎಂದ ವೆಂಕಟರಾಯಪ್ಪ. “ಅವ್ನಿಗೆ ಇಷ್ಟ ಇರ್ಲಿಲ್ಲ ಅಂತ ಗಂಡನ ಹೆಣ ಮುಟ್ಟಿ ಹೇಳು, ಬಿಟ್ಬುಡಾನ.”

ಎಲ್ಲರೂ ಅವಳನ್ನೇ ನೋಡಿದರು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ತಣ್ಣನೆಯ ಎದೆ ಮುಟ್ಟಿದ ಮೇಲೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ.

“ಇಷ್ಟ ಇತ್ತು!” ಎಂದು ಕಿರುಚಿದಳು. “ದಿನಾ ಇಷ್ಟ ಇತ್ತು. ಅದಕ್ಕೇ ಮುಟ್ಲಿಲ್ಲ. ಇಷ್ಟು ವರ್ಸ ಬಾಯಿ ಕಟ್ಕೊಂಡು ಬದುಕಿದೋರು ಕಣ್ರೋ!”

ವೆಂಕಟರಾಯಪ್ಪನ ಮುಖ ಕರುಣೆಯಿಂದ ಅರಳಿತು. “ಅಯ್ಯೋ ಪಾಪಂ! ಅಷ್ಟು ಆಸೆ ಇಟ್ಕೊಂಡು ಹೋದ್ನಾ? ಮತ್ತೆ ಇನ್ನೇನಮ್ಮ? ಜಯಚಂದ್ರಾ, ಒಂದ್ ಹನಿ ಅಲ್ಲ ಕಣ್ಲಾ, ಧಾರಾಳವಾಗಿ ಬಿಡು.”

ಹಣೆ ಚಚ್ಚಿಕೊಳ್ಳಬೇಕೆನಿಸಿತು ಅವಳಿಗೆ. ಮುಚ್ಚಳ ತಿರುಚಿದ ಸದ್ದು ಕೇಳಿತು. ಜಯಚಂದ್ರ ಅಳುತ್ತಲೇ ಮಂಡಿಯೂರಿದ. ಅವನಿಗೆ ಅಣ್ಣನ ಮೇಲೆ ಪ್ರೀತಿಯೇನೂ ಕಡಿಮೆ ಇರಲಿಲ್ಲ. ಪದ್ಮಲತಾ ಬಾಗಿ ಗಂಡನ ಬಾಯಿಯ ಮೇಲೆ ಅಂಗೈ ಒತ್ತಿದಳು. ಬ್ರಾಂದಿ ಅವಳ ಬೆರಳುಗಳ ಮೇಲೆ ಹರಿದು, ಗಂಡನ ಗಲ್ಲ ದಾಟಿ, ಕಿವಿಯ ಹಿಂದಕ್ಕೆ ಇಳಿಯಿತು. ಅವಳು ಬೆರಳ ಸಂದುಗಳನ್ನು ಇನ್ನೂ ಬಿಗಿ ಮಾಡಿದಳು. ಬಾಟಲಿ ಖಾಲಿಯಾಯಿತು.

ಹೆಣ ಎತ್ತಿದಾಗಲೂ ಕೈ ತೆಗೆಯಲಿಲ್ಲ. ಇಳಿಸಿದಾಗ ಜೊತೆಗೇ ಗುಂಡಿಗಿಳಿದಳು.

“ಹೆಂಗಸ್ರು ಇಳೀಬಾರ್ದಮ್ಮ!”

“ಕೈ ತಗಿ ಅತ್ತಿಗೆ, ಮಣ್ಣಾಕ್ಬೇಕು.”

“ಕಾಲಿನ ಕಡೆಯಿಂದ ಹಾಕ್ಕೊಂಡ್ ಬರ್ರಿ,” ಎಂದಳು ಪದ್ಮಲತಾ, ತಲೆಯೆತ್ತದೆ.

ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೊದಲ ಮಂಕರಿ ಮಣ್ಣು ಸೀತಾರಾಮಪ್ಪನ ಪಾದಗಳ ಮೇಲೆ ಬಿತ್ತು.