ಫಕ್ಕೀರಪ್ಪ ಕಂಡ ಬಾಲದಂಡೆ

ಬ್ಯಾಡಗಿ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತ ಹಮಾಲ ಫಕ್ಕೀರಪ್ಪನ ಕುತ್ತಿಗೆ ಬಗ್ಗಿದ್ದು ಬಗ್ಗಿಯೇ ಉಳಿದಿತ್ತು. ಎದುರಿಗೆ ನಿಂತವರ ಮುಖ ನೋಡುವುದೇ ಕಷ್ಟ, ಇನ್ನು ಮರದ ತುದಿ ದೂರದ ಮಾತು. ಅಂಥವನು ಹಕ್ಕಿ ನೋಡಲು ಹೊರಟಿದ್ದ! ಹಾವೇರಿಯಲ್ಲಿ ಟೀಚರ್ ಆಗಿದ್ದ ಮಗಳು ಶೀಲಾ ಫೋನಿನಲ್ಲಿ ತೋರಿಸಿದ್ದ ಬಾಲದಂಡೆ, ಬೆಳ್ಳನೆಯ ಮೈಯ, ಮೊಳದುದ್ದ ಬಾಲದ ಹಕ್ಕಿ, ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ಹಟ ಹಿಡಿದ. ನಿನಗೆ ಹೇಗೆ ಕಾಣುತ್ತದೆಂದು ಕೇಳಲು ಶೀಲಾಗೆ ಬಾಯಿ ಬರಲಿಲ್ಲ.

ಶಿವರಾತ್ರಿ ಕಳೆದ ಮೊದಲ ಭಾನುವಾರ ಹಕ್ಕಿ ನೋಡುವವರ ಗುಂಪೊಂದು, ಅಪ್ಪ ಮಗಳೂ ಸೇರಿ ಹನ್ನೆರಡು ಮಂದಿ, ಅಗಡಿ ಊರಿನಾಚೆಯ ಹಳ್ಳದ ಗುಂಟ ನಡೆದರು. ಹೊಂಗೆ ಚಿಗುರಿತ್ತು, ಮುತ್ತುಗ ಕೆಂಪಗೆ ಅರಳಿತ್ತು. ಮುಂದಾಳು ರಾಣೆಬೆನ್ನೂರಿನ ಬೀಜದಂಗಡಿಯ ಪ್ರಭುಲಿಂಗಪ್ಪ. ಕೊರಳಲ್ಲಿ ದುರ್ಬೀನು ತೂಗಿಬಿಟ್ಟುಕೊಂಡು, ಬೀಜ ಮೊಳೆಯುವ ಖಾತ್ರಿ ಕೊಟ್ಟಂತೆಯೇ ಹಕ್ಕಿಯ ಖಾತ್ರಿಯನ್ನೂ ಕೊಡುತ್ತಿದ್ದ. ಅವನು ಕೈ ತೋರಿಸಿದಾಗಲೆಲ್ಲ ಹನ್ನೊಂದು ತಲೆ ಮೇಲೇಳುತ್ತಿದ್ದವು. ಫಕ್ಕೀರಪ್ಪನಿಗೆ ಕಂಡದ್ದು ಹನ್ನೊಂದು ಜೊತೆ ಬೂಟು, ಚಪ್ಪಲಿ. ಯಾರದು ಎಷ್ಟು ಸವೆದಿದೆ ಎಂದು ಹೇಳಿ ಎಲ್ಲರನ್ನೂ ನಗಿಸಿದ. ಒಳಗೊಳಗೇ ಸಂಕಟಪಟ್ಟ.

ಮಡುವಿನ ಹತ್ತಿರ ಪ್ರಭುಲಿಂಗಪ್ಪ ಬಾಲದಂಡೆಯ ಕೂಗು ಗುರುತಿಸಿದ. ಎಲ್ಲರೂ ಎಲೆಗಳ ನಡುವೆ ತಡಕಾಡಿದರು. ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ಹತ್ತು ನಿಮಿಷವಾದರೂ ಏನೂ ಕಾಣದೆ, ಹಾರಿಹೋಗಿರಬೇಕೆಂದರು. ಕಾಲು ಸೋತ ಫಕ್ಕೀರಪ್ಪ ದಡದ ಕಲ್ಲಿನ ಮೇಲೆ ಕೂತಿದ್ದ. ಕಾಲಡಿಯ ನೀರು ಅಲುಗದೆ ನಿಂತಿತ್ತು, ಅದರಲ್ಲಿ ಇಡೀ ಹೊಂಗೆ ಮರ ತಲೆಕೆಳಗಾಗಿ ತುದಿಯ ತನಕ ಕಾಣುತ್ತಿತ್ತು. ತುದಿಯ ಕೊಂಬೆಯಲ್ಲಿ ಬೆಳ್ಳಗಿನದೊಂದು ನೀಳವಾಗಿ ತೂಗಿತು.

"ಶೀಲವ್ವಾ, ಸಾವಕಾಶ ಬಾ. ಇಲ್ಲಿ ಕೆಳಗ ಐತಿ."

ಅಜ್ಜನಿಗೆ ಬಿಸಿಲು ತಲೆಗೆ ಹತ್ತಿರಬೇಕೆಂದು ಯಾರೋ ಪಿಸುಗುಟ್ಟಿದರು. ಶೀಲಾ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು, ನೋಡಿದಳು, ಅಪ್ಪನ ತೋಳು ಗಟ್ಟಿಯಾಗಿ ಹಿಡಿದಳು. ಅಷ್ಟರಲ್ಲಿ ಹಕ್ಕಿ ತಾನೇ ಕೆಳಗಿಳಿದು, ಅವರಿಬ್ಬರಿಗೆ ಮಾರು ದೂರದಲ್ಲಿ ನೀರಿಗೆ ಮುಳುಗು ಹಾಕಿ, ಬಾಲ ಒದರಿ ಮೇಲೆ ಹೋಯಿತು. ಫಕ್ಕೀರಪ್ಪನಿಗೆ ಅಳುವಷ್ಟು ಸಂತೋಷವಾಯಿತು. ಕಲಕಿದ ನೀರು ನಿಲ್ಲುತ್ತಲೇ ಹಕ್ಕಿ ಮತ್ತೆ ನೀರೊಳಗಿನ ಅದೇ ಕೊಂಬೆಯಲ್ಲಿ ಕಂಡಿತು.

ಈಗ ದಡದುದ್ದಕ್ಕೂ ಎಲ್ಲರೂ ಮಂಡಿಯೂರಿದರು. ಪ್ರಭುಲಿಂಗಪ್ಪ ದುರ್ಬೀನು ಬೆನ್ನಿಗೆ ಸರಿಸಿ ಫಕ್ಕೀರಪ್ಪನ ಪಕ್ಕ ಕೂತು, ತನಗೆ ಬರೀ ಎಲೆಯೇ ಕಾಣುತ್ತಿದೆ ಎಂದ.

"ಕುತ್ತಿಗಿ ಇನ್ನೂ ಬಗ್ಗಸ್ರಿ ಸಾವ್ಕಾರ್ರ," ಎಂದ ಫಕ್ಕೀರಪ್ಪ, "ಅಂದ್ರ ಕಾಣ್ತೈತಿ."

ಪ್ರಭುಲಿಂಗಪ್ಪ ಬಗ್ಗಿಸಿದ.